ಮಾವನಿಗೆ ಕೆನ್ನೆ ಒಳಗೆ ಕ್ಯಾನ್ಸರ್, ಇಲ್ಲೇ ಮಾಡಿಸುವುದಾ ಮುಂಬೈಗಾ? ಅನುಭವ ಇದ್ದವರು ಹೇಳಿ

ಬ್ರಹ್ಮಾವರದ ಸೊಸೆ
ನಮಸ್ಕಾರ. ಮಾವನಿಗೆ 61, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಮೂವತ್ತು ವರ್ಷದ ಅಭ್ಯಾಸ. ಎಡಗೆನ್ನೆ ಒಳಗಿನ ಹುಣ್ಣು ಎರಡು ತಿಂಗಳಾದ್ರೂ ಮಾಯ್ಲಿಲ್ಲ, ಬಯಾಪ್ಸಿ ಮಾಡಿಸಿದ್ರೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅಂತ ಬಂತು. ಸ್ಕ್ಯಾನಲ್ಲಿ ಕುತ್ತಿಗೆಯಲ್ಲಿ ಗಂಟು ಏನಿಲ್ಲ, ಆದ್ರೂ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ಒಟ್ಟಿಗೇ ತೆಗೀಬೇಕು, ಆಮೇಲೆ ರಿಪೋರ್ಟ್ ನೋಡಿ ರೇಡಿಯೇಷನ್ ಅಂತಾರೆ ಡಾಕ್ಟ್ರು. ರೇಡಿಯೇಷನ್ ಆಗುವ ಚಾನ್ಸ್ ಇರುವುದ್ರಿಂದ ಕೆಟ್ಟ ಹಲ್ಲು ಐದುಂಟು, ಅದನ್ನು ಮೊದ್ಲೇ ಕೀಳ್ಬೇಕಂತೆ. ಮಾವ ಕ್ಯಾನ್ಸರ್‌ಗಿಂತ ಹಲ್ಲಿಗೇ ಹೆಚ್ಚು ಗಲಾಟೆ ಮಾಡ್ತಿದ್ದಾರೆ. ಇಲ್ಲಿ ಮಾಡಿಸುವುದಾ ಮುಂಬೈಗೆ ಹೋಗುವುದಾ, ಹಲ್ಲು ಕೀಳ್ಲೇಬೇಕಾ?

ಬಿ.ಸಿ.ರೋಡ್ ಅಕ್ಕ
ನಮ್ಮವರಿಗೆ ಆದದ್ದು 2019ರಲ್ಲಿ, ನಾಲಗೆಯ ಅಂಚಲ್ಲಿ. ಮಂಗಳೂರಲ್ಲೇ ಮಾಡಿಸಿದ್ದು, ಇವತ್ತಿಗೂ ಒಳ್ಳೆದಿದ್ದಾರೆ. ಎಲ್ಲರೂ ಆಪರೇಷನ್ ಆಪರೇಷನ್ ಅಂತ ಹೆದರುವುದು, ನಿಜವಾದ ಪಾಡು ಆಮೇಲೆಯೇ. 30 ಸಿಟ್ಟಿಂಗ್ ರೇಡಿಯೇಷನ್, ವಾರಕ್ಕೆ ಐದು ದಿನ, ಆರು ವಾರ. ಮೊದಲು ಬಸ್ಸಲ್ಲೇ ಹೋಗ್ತಿದ್ವಿ, 13ನೇ ಸಿಟ್ಟಿಂಗ್ ಆದ್ಮೇಲೆ ಉಗುಳು ನುಂಗ್ಲಿಕ್ಕೂ ಆಗ್ಲಿಲ್ಲ, ಬಾಯಿಡೀ ಬಿಳಿ ಬಿಳಿ ಹುಣ್ಣು, ಆಮೇಲೆ ಕಾರು, ದಿನಕ್ಕೆ 900ರಂತೆ 17 ದಿನ, 15,300 ಆಯ್ತು, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮುಖಕ್ಕೆ ಬಲೆಯ ಹಾಗಿನ ಮಾಸ್ಕ್ ಹಾಕಿ ಟೇಬಲಿಗೆ ಕ್ಲಿಪ್ ಮಾಡ್ತಾರೆ, ಹೊರಗೆ ಬರುವಾಗ ಹಣೆಯಲ್ಲಿ ಅದರ ಗೆರೆ ಗೆರೆ, ಮನೆ ಮುಟ್ಟಿದ್ರೂ ಹೋಗ್ತಿರಲಿಲ್ಲ. ಮೂಗಿನ ಪೈಪು 71 ದಿನ. ಕುಚ್ಚಲಕ್ಕಿ ಗಂಜಿಯ ಒಂದು ತೌಡು ಉಳಿದ್ರೂ ಪೈಪ್ ಕಟ್ಟಿಕೊಳ್ತದೆ, ಒಂದು ದಿನ ರಾತ್ರಿ 11 ಗಂಟೆಗೆ ಅದೇ ಕಾರಣಕ್ಕೆ ಎಮರ್ಜೆನ್ಸಿಗೆ ಓಡಿದ್ದೇವೆ. ತೂಕ 64 ಇದ್ದದ್ದು 51.

ಸುರತ್ಕಲ್ 74
ನಾನಂತೂ ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆ ಅಂತಲೇ ಹೇಳುವುದು. ಅಣ್ಣನನ್ನು ಮತ್ಸ್ಯಗಂಧ ರೈಲಲ್ಲಿ ಕರ್ಕೊಂಡು ಹೋದದ್ದು, ದಾದರಿನ ಧರ್ಮಶಾಲೆಯಲ್ಲಿ ಹತ್ತು ದಿನ, ಆಮೇಲೆ ಪರೇಲ್ ಹತ್ರ ಬಾಡಿಗೆ ರೂಮು, ಎರಡೂವರೆ ತಿಂಗಳು ನಾನು ಅಂಗಡಿ ಬಾಗಿಲು ತೆರೆಯಲೇ ಇಲ್ಲ. ಖರ್ಚಿನ ಲೆಕ್ಕ ಹೇಳಿದ್ರೆ ನಿಮಗೆ ನಿದ್ದೆ ಬರ್ಲಿಕ್ಕಿಲ್ಲ. ಆದ್ರೆ ಗಂಟಿಲ್ಲದಿದ್ರೂ ಕುತ್ತಿಗೆ ಯಾಕೆ ತೆಗೀಬೇಕು ಅಂತ ಕೇಳ್ತೀರಲ್ಲ, ಅದನ್ನು ತೋರಿಸಿಕೊಟ್ಟದ್ದೇ ಅವರು. 2015ರಲ್ಲಿ ಅವರ ಅಧ್ಯಯನ ಬಂತು, ಆರಂಭದ ಬಾಯಿ ಕ್ಯಾನ್ಸರಿನ 500 ಜನರ ಮೇಲೆ, ಮೊದ್ಲೇ ಕುತ್ತಿಗೆ ತೆಗೆದವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 80 ಜನ ಬದುಕಿದ್ರು, ಗಂಟು ಬಂದ್ರೆ ಮಾತ್ರ ತೆಗೆಯುವ ಅಂತ ಕಾದವರಲ್ಲಿ 67.5. ಗಂಟು ಬರ್ಲಿ ನೋಡುವ ಅಂತ ಕೂತ್ರೆ ಆಯ್ತು ಕತೆ.

ಬಿ.ಸಿ.ರೋಡ್ ಅಕ್ಕ
ಅವರು ಕಂಡುಹಿಡಿದದ್ದನ್ನು ಇಲ್ಲಿಯ ಡಾಕ್ಟ್ರೂ ಓದ್ತಾರೆ ಮಾರಾಯ್ರೆ. ನಮಗೂ ಕುತ್ತಿಗೆ ತೆಗೆದದ್ದೇ. ಈ ಅಮ್ಮನ ಡಾಕ್ಟ್ರೂ ಅದನ್ನೇ ಹೇಳಿದ್ದಲ್ವಾ? ನಿಮ್ಮ ಹಾಗೆ ಎರಡೂವರೆ ತಿಂಗಳು ಅಂಗಡಿ ಮುಚ್ಚಿದ್ರೆ ನಮ್ಮ ಮನೆಯಲ್ಲಿ ಒಲೆಯೂ ಮುಚ್ಚುತ್ತಿತ್ತು.

ಸುರತ್ಕಲ್ 74
ಅಕ್ಕ ನಾನು ನಿಮಗೆ ಹೇಳಿದ್ದಲ್ಲ. ಯಾರಿಗೆ ಎಷ್ಟು ಪ್ರೀತಿಯೋ ಅಷ್ಟು ದೂರ ಹೋಗ್ತಾರೆ.

ಬಿ.ಸಿ.ರೋಡ್ ಅಕ್ಕ
ಪ್ರೀತಿಯನ್ನು ಕಿಲೋಮೀಟರಲ್ಲಿ ಅಳೀತೀರಾ ನೀವು?

ಕಾರ್ಕಳದವ
ನೀವಿಬ್ರೂ ಜಗಳ ಮಾಡ್ಲಿಕ್ಕೆ ಅದೃಷ್ಟ ಮಾಡಿದ್ದೀರಿ, ನಿಮ್ಮವರು ಇದ್ದಾರೆ. ನನ್ನ ತಮ್ಮನಿಗೆ ಬಿಪಿಎಲ್ ಕಾರ್ಡ್, ಆಯುಷ್ಮಾನಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇತ್ತು, ದುಡ್ಡಿನ ತಾಪತ್ರಯವೇ ಅಲ್ಲ. ಎಪಿಎಲ್‌ನವರಿಗಾದ್ರೆ ಪ್ಯಾಕೇಜಿನ 30% ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ನಮಗೆ ಅಷ್ಟು ಇದ್ದೂ ಆಗ್ಲಿಲ್ಲ. ಚುಚ್ಚಿದ್ರೆ ಹಬ್ತದೆ ಅಂತ ಯಾರೋ ಹೇಳಿದ್ದಕ್ಕೆ ಬಯಾಪ್ಸಿ ಬೇಡ ಅಂತ ಕೂತ, ನಾಟಿ ಔಷಧಿ ನಾಲ್ಕು ತಿಂಗಳು, ಸೊಪ್ಪಿನ ರಸ, ಪಥ್ಯ, ವಾರಕ್ಕೆ 1,200. ಆ ಪುಣ್ಯಾತ್ಮನ ಹತ್ರ ಕರ್ಕೊಂಡು ಹೋದದ್ದು ನಾನೇ, ಬೈಕಲ್ಲಿ. ಗೋಲಿಯಷ್ಟು ಇದ್ದದ್ದು ಕೆನ್ನೆ ತೂತಾಗಿ ಹೊರಗೆ ಬಂತು. ಆಮೇಲೆ ಡಾಕ್ಟ್ರು ನನ್ನನ್ನು ಬೈಲೂ ಇಲ್ಲ, ಕುರ್ಚಿ ಎಳೆದು ಕೂತ್ಕೊಳ್ಳಿ ಅಂದ್ರು, ಅಷ್ಟರಲ್ಲೇ ಗೊತ್ತಾಯ್ತು.

ಪುತ್ತೂರು ತೋಟದವ
ಕೇಳಿ ಬೇಜಾರಾಯ್ತು. ಆದ್ರೆ ಒಂದು ವಿಷಯ, ಎಲ್ಲಿ ಕ್ಯಾನ್ಸರ್ ಅಂದ್ರೂ ಅಡಿಕೆಯನ್ನೇ ತಂದು ನಿಲ್ಲಿಸುವುದು ಯಾಕೆ? ನಮ್ಮಜ್ಜ 92 ವರ್ಷ ಆಗುವ ತನಕ ಎಲೆಅಡಿಕೆ ಜಗಿದವರು. ನಮ್ಮೂರಿನ ಮಾಸ್ಟ್ರು ಎಲೆ ಮುಟ್ಟಿದವರಲ್ಲ, ಅವರಿಗೆ ಟಾನ್ಸಿಲ್‌ನಲ್ಲೇ ಬಂತು. ಹೊಗೆಸೊಪ್ಪಿನ ತಪ್ಪಿಗೆ ಬೆಳೆಗಾರರ ಹೊಟ್ಟೆಗೆ ಹೊಡೀಬೇಡಿ.

ದಂತ ವಿದ್ಯಾರ್ಥಿ, ಮಣಿಪಾಲ
ಟಾನ್ಸಿಲ್‌ನದ್ದು ಎಚ್‌ಪಿವಿ ವೈರಸ್‌ನಿಂದಲೂ ಬರ್ತದೆ, ಅದರ ದಾರಿಯೇ ಬೇರೆ. ಅಡಿಕೆ ವಿಷಯಕ್ಕೆ ಬಂದ್ರೆ, ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2004ರಲ್ಲೇ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಹಾಕಿ ಆಗಿದೆ. ನಿತ್ಯ ಅಡಿಕೆ ಜಗಿದು ಬಾಯಿಗೆ ಮೂರು ಬೆರಳು ಹೋಗದವರನ್ನು ನಾನು ವಾರಾ ವಾರಾ ನೋಡ್ತೇನೆ, ಒಳಗೆ ಚರ್ಮ ಬಿಗಿದು ಬೆಳ್ಳಗೆ ಹಗ್ಗದ ಹಾಗೆ ಆಗಿರ್ತದೆ.

ಪುತ್ತೂರು ತೋಟದವ
ನೀವು ಓದುವ ಹುಡುಗ, ಕೊಳೆರೋಗ ಬಂದ ತೋಟಕ್ಕೆ ಒಂದು ಸಲ ಬನ್ನಿ. ಸರ್ಕಾರ 2013ರಲ್ಲಿ ಗುಟ್ಕಾ ನಿಲ್ಲಿಸ್ತು, ಈಗ ಪಾನ್ ಮಸಾಲ ಒಂದು ಚೀಟಿ, ಹೊಗೆಸೊಪ್ಪು ಒಂದು ಚೀಟಿ ಅಂತ ಬೇರೆ ಬೇರೆ ಮಾರ್ತಾರೆ, ಅವರನ್ನು ಕೇಳುವವರಿಲ್ಲ.

ಕಾರ್ಕಳದವ
ಇಲ್ಲಿ ಒಬ್ರು ಮಾವನ ಬಗ್ಗೆ ಕೇಳಿದ್ದಾರೆ, ನೀವು ಅಡಿಕೆ ರೇಟಿಗೆ ಹೊರಟ್ರಿ.

ಬ್ರಹ್ಮಾವರದ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಇಲ್ಲೇ ಅಂತ ಹೆಚ್ಚುಕಮ್ಮಿ ಆಗಿದೆ. ಆದ್ರೆ ಹಲ್ಲಿನ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ.

ಬಿ.ಸಿ.ರೋಡ್ ಅಕ್ಕ
ಕೀಳಿಸಿ. ನಮ್ಮವರು ಮೂರು ಕೀಳಿಸಿದ್ರು, ಹಿಂದಿನ ಒಂದು ದವಡೆ ಹಲ್ಲು ಗಟ್ಟಿ ಉಂಟು ಅಂತ ಹಟ ಮಾಡಿ ಉಳಿಸಿಕೊಂಡ್ರು. ರೇಡಿಯೇಷನ್ ಆಗಿ ಎರಡು ವರ್ಷಕ್ಕೆ ಅದು ತುಂಡಾಯ್ತು, ಊರಿನ ಒಬ್ಬ ಹಲ್ಲಿನ ಡಾಕ್ಟ್ರ ಹತ್ರ ಹೋದ್ರು, ರೇಡಿಯೇಷನ್ ಆದ ವಿಷಯ ಇವರೂ ಹೇಳ್ಲಿಲ್ಲ ಅವರೂ ಕೇಳ್ಲಿಲ್ಲ, 300 ರೂಪಾಯಿಗೆ ಕಿತ್ತು ಕಳಿಸಿದ್ರು. ಆ ಗುಳಿ ಮುಚ್ಚಲೇ ಇಲ್ಲ. ರೇಡಿಯೇಷನ್ ಕೊಟ್ಟ ಎಲುಬಿಗೆ ರಕ್ತ ಸರಿಯಾಗಿ ಹೋಗುವುದಿಲ್ಲವಂತೆ. ಎಲುಬು ಹೊರಗೆ ಕಾಣ್ತಿತ್ತು, ನಾಲಗೆಗೆ ಚುಚ್ತಿತ್ತು, ವಾಸನೆ ಬೇರೆ. 300ರ ಹಲ್ಲಿಗೆ ಆಮೇಲೆ 68 ಸಾವಿರ.

ದಂತ ವಿದ್ಯಾರ್ಥಿ, ಮಣಿಪಾಲ
ಹೌದು, ಅದಕ್ಕೇ ಮೊದಲೇ ಕೀಳುವುದು. ಗಾಯ ಆರ್ಲಿಕ್ಕೆ ರೇಡಿಯೇಷನ್‌ಗೆ ಮೊದಲು ಎರಡು ವಾರ ಆದ್ರೂ ಸಿಗಬೇಕು, ಆಪರೇಷನ್ ಮಾಡುವಾಗಲೇ ತೆಗೆಯುವುದೂ ಉಂಟು, ಕೇಳಿ ನೋಡಿ.

ಬ್ರಹ್ಮಾವರದ ಸೊಸೆ
ಅಕ್ಕ ನಿಮ್ಮದನ್ನು ಮಾವನಿಗೆ ಓದಿ ಹೇಳಿದೆ, ಸುಮ್ಮನಾದ್ರು. ಸೋಮವಾರ ಹಲ್ಲಿಗೆ ಹೋಗುವುದು. ಮತ್ತೆ ಆ ಗಂಜಿ ಸೋಸ್ಲಿಕ್ಕೆ ನೀವು ಸ್ಟೀಲ್ ಜರಡಿ ಇಟ್ಟದ್ದಾ?

ಬಿ.ಸಿ.ರೋಡ್ ಅಕ್ಕ
ಜರಡಿ ಸಾಕಾಗುವುದಿಲ್ಲ, ಅವರದ್ದೇ ಹಳೆ ಬಿಳಿ ಮುಂಡು, ಎರಡು ಮಡಿಕೆ. ಹಾಕಿ ಆದ್ಮೇಲೆ ಪ್ರತಿಸಲ ಸಿರಿಂಜಲ್ಲಿ ಒಂದಷ್ಟು ನೀರು ಬಿಡಿ, ಮರೀಬೇಡಿ. ನಂಬರ್ ಮೆಸೇಜ್ ಮಾಡಿ, ರಾತ್ರಿ ಆದ್ರೂ ಪರವಾಗಿಲ್ಲ.