ಗೋವಾ ಹಾಫ್ ಐರನ್‌ಮ್ಯಾನ್ ಸಾಕಾ, ನೇರ ಫುಲ್‌ಗೆ ಇಳಿಯಲಾ? ಅನುಭವ ಇದ್ದವರು ಹೇಳಿ

ಕೋಡಿಬಾಗದವ: ವಯಸ್ಸು 41, ಶಿಫ್ಟ್ ಕೆಲಸ. ಈಜು ಸಣ್ಣಂದಿನಿಂದ ಕಾಳಿ ನದಿಯಲ್ಲೇ. ಸೈಕಲ್ ಹಳೇ ಹೈಬ್ರಿಡ್. ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ. "ಒಂದೇ ವರ್ಷ, ಆಮೇಲೆ ಇದರ ಸುದ್ದಿ ಬೇಡ" ಅಂತ ಮನೆಯವಳ ಷರತ್ತು. ಆ ವರ್ಷವನ್ನು ಗೋವಾದ 70.3ಕ್ಕೆ, ಅಂದರೆ ಈಜು, ಸೈಕಲ್, ಓಟ ಒಂದೇ ದಿನ ಮುಗಿಸುವ ಹಾಫ್‌ಗೆ ಇಡಲಾ, ಅದರ ಎರಡು ಪಟ್ಟಿನ ಫುಲ್‌ಗೆ ಇಡಲಾ? ಮೊಣಕಾಲಿನ ಬಗ್ಗೆ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬೈತಖೋಲ: ಕಾಳಿಯಲ್ಲಿ ಈಜಿದವರೆಲ್ಲ ಸಮುದ್ರ ಗೊತ್ತು ಅಂದುಕೊಳ್ತಾರೆ. ಇಳಿತದ ಹೊತ್ತಿಗೆ ಸದಾಶಿವಗಡದ ಕಡೆಯಿಂದ ತೇಲಿ ಬಂದರೆ ಗಡಿಯಾರ ತೋರಿಸೋ ವೇಗ ನಿಮ್ಮದಲ್ಲ, ಹೊಳೆಯದು. ಗೋವಾದ ಮಿರಾಮಾರ್ ಕಡಲಲ್ಲಿ 1.9 ಕಿ.ಮೀ. ಈಜಿಗೆ ಕೊಡೋ ಸಮಯ 70 ನಿಮಿಷ, ಅಷ್ಟೇ. ನನಗೆ ಅರ್ಧ ದಾರಿಯಲ್ಲಿ ಕುತ್ತಿಗೆಗೆ ಜೆಲ್ಲಿ ಮೀನು ಸುತ್ತಿಕೊಂಡಿತು, ಕನ್ನಡಕದೊಳಗೆ ನೀರು, ದಾರಿ ತೋರಿಸೋ ತೇಲು ಗುರುತು ಎತ್ತ ಇದೆಯೋ ದೇವರಿಗೇ ಗೊತ್ತು. ಆದರೂ ಮುಗಿಸಿದೆ. ಇದನ್ನ ಹೇಳಲೇಬೇಕು, ಮುಗಿಸದವರೇ ಬುದ್ಧಿ ಹೇಳೋದು ಜಾಸ್ತಿ.

ಇನ್ನೊಂದು: ವೆಟ್‌ಸೂಟ್, ಅಂದರೆ ಮೈಗೆ ಅಂಟೋ ರಬ್ಬರ್ ಈಜುಡುಪು, ತಗೊಳ್ಳಿ ಅಂತ ಅಂಗಡಿಯವರು ಹೇಳ್ತಾರೆ. ನೀರು 24.5 ಡಿಗ್ರಿ ದಾಟಿದರೆ ಅದನ್ನ ಹಾಕಿದವರಿಗೆ ಬಹುಮಾನದ ಲೆಕ್ಕವೇ ಇಲ್ಲ. ನಮ್ಮ ಕಡಲು ಅಷ್ಟು ತಣ್ಣಗಾಗಿದ್ದು ಯಾವ ಕಾಲಕ್ಕೆ? ನನ್ನ 18,000 ರೂಪಾಯಿಯದ್ದು ಅಟ್ಟದ ಮೇಲಿದೆ, ಒಂದು ತೋಳು ಇಲಿ ತಿಂದಾಯ್ತು.

ಯಲ್ಲಾಪುರ ನಾಕಾ, ಶಿರಸಿ: ಹಾಫ್ ಮಾಡಿ "ಮುಗಿಸಿದೆ" ಅನ್ನೋದು ಎಂತ ಲೆಕ್ಕ ಮಾರಾಯ್ರೆ? 3.8 ಕಿ.ಮೀ. ಈಜು, 180 ಸೈಕಲ್, 42.2 ಓಟ, ಎಲ್ಲ 17 ಗಂಟೆಯೊಳಗೆ. ಅದು ಮುಗಿಸೋದು. ನಾನು ಮಲೇಷ್ಯಾದ ಲಂಕಾವಿಗೆ ಹೋಗಿ ಬಂದೆ. ತಯಾರಿ ಪೂರ್ತಿ ಮಳೆಗಾಲದಲ್ಲಿ, ತೋಟಕ್ಕೆ ಕೊಳೆ ಔಷಧಿ ಹೊಡೆಸೋ ಹೊತ್ತಿಗೇ. ಅಡಿಕೆ ಮರ ಹತ್ತೋ ಕೊನೆಗೌಡ ಬಂದ ದಿನ ಸೈಕಲ್ ಇಲ್ಲ, ಬರದ ದಿನ ತಲೆಬಿಸಿ. ರಾತ್ರಿ ಅಡಿಕೆ ಅಟ್ಟದ ಕೆಳಗೆ ಸೈಕಲ್ ನಿಂತಲ್ಲೇ ತುಳಿಯೋ ಟ್ರೈನರ್ ಸ್ಟ್ಯಾಂಡ್ ಇಟ್ಟು ತುಳಿದೆ, ಕರೆಂಟ್ ಹೋದರೆ ಕತ್ತಲಲ್ಲೇ.

ಖರ್ಚು ಕೇಳಿ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ 2.4 ಲಕ್ಷ. ಅದನ್ನ ತುಂಬೋ ಪೆಟ್ಟಿಗೆ 22,000. ವಿಮಾನದವರು ಆ ಪೆಟ್ಟಿಗೆಯನ್ನ ಹೇಗೆ ಎಸೆದರೋ, ಇಳಿಸಿ ನೋಡ್ತೆ, ಗೇರ್ ಬದಲಿಸೋ ಡೀರೇಲರನ್ನ ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಮುರಿದಿದೆ. 1,800 ರೂಪಾಯಿಯ ಚೂರು! ಊರೆಲ್ಲ ಹುಡುಕಿದರೂ ನನ್ನ ಫ್ರೇಮಿಗೆ ಹೊಂದೋದು ಸಿಗಲಿಲ್ಲ. ಚೈನ್ ಗಿಡ್ಡ ಮಾಡಿ ಒಂದೇ ಗೇರಲ್ಲಿ 180 ತುಳಿದೆ. ಪದಕ ಇದೆ. ಹಾಫ್‌ಗೆ ದುಡ್ಡು ಹಾಕೋದು ವ್ಯರ್ಥ.

ಬೈತಖೋಲ: ಪದಕ ಇರಲಿ, ಈಜಿಗೆ ಎಷ್ಟು ಹೊತ್ತು ಹಿಡೀತು? ಕೆರೆಯಲ್ಲಿ ಕಲಿತವರು ಅದನ್ನ ಮಾತ್ರ ಹೇಳೋದಿಲ್ಲ.

ಯಲ್ಲಾಪುರ ನಾಕಾ, ಶಿರಸಿ: ಮಿತಿ ಇದ್ದದ್ದು 2 ಗಂಟೆ 20 ನಿಮಿಷ, ಅದರ ಒಳಗೆ. ಅಷ್ಟು ಸಾಕು.

ಅಂಕೋಲೆಯವಳು: ಇಬ್ಬರೂ ಸಾಮಾನಿನ ಬೆಲೆ ಚೆಂದ ಹೇಳಿದಿರಿ. ಆ ವರ್ಷವೆಲ್ಲ ಮನೆಯಲ್ಲಿ ಅನ್ನ ಬೇಯಿಸಿದ್ದು ಯಾರು ಅಂತ ಯಾರೂ ಬರೀಲಿಲ್ಲ. ನಾನು ತಂಡದವರು ಹಂಚಿಕೊಂಡು ಮಾಡೋ ರಿಲೇ ಆರಿಸಿಕೊಂಡೆ, 21.1 ಕಿ.ಮೀ. ಓಟ ಮಾತ್ರ ನನ್ನದು. ಓಡೋಕೆ ಜಾಗ ಯಾವುದು? ಹೆದ್ದಾರಿ 66. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದ ಮೇಲೆ ಆ ಬದಿಗೆ ಹೋಗೋಕೆ ಧೈರ್ಯ ಬರಲಿಲ್ಲ, ಊರೊಳಗಿನ ಕಾಂಕ್ರೀಟ್ ರಸ್ತೆಯಲ್ಲೇ ಸುತ್ತಿದೆ. ಕಾಲಿನ ಎಲುಬಿನಲ್ಲಿ ಸೀಳು ಬಿತ್ತು. ಮೊದಲ ಡಾಕ್ಟರು ನರ ಎಳೆದಿದೆ ಅಂದರು, 900 ರೂಪಾಯಿ ಮುಲಾಮು. ಎರಡನೆಯವರು ಎಕ್ಸ್‌ರೇ, ಏನೂ ಕಾಣಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಎಂಆರ್‌ಐ, 6,500, ಕಾರಿನ ಬಾಡಿಗೆ ಬೇರೆ. ವಾಸಿಯಾದ ಮೇಲೆ ಮರುವರ್ಷ ಓಡಿದೆ, ನಮ್ಮ ತಂಡದಲ್ಲಿ ಕೊನೆಗೆ ಗೆರೆ ದಾಟಿದವಳು ನಾನೇ.

ಯಲ್ಲಾಪುರ ನಾಕಾ, ಶಿರಸಿ: ರಿಲೇ ಅಂದರೆ ಪಿಕ್ನಿಕ್ ಅಲ್ದಾ?

ಅಂಕೋಲೆಯವಳು: ಒಂದೇ ಗೇರಿನ ಪಿಕ್ನಿಕ್‌ಗಿಂತ ವಾಸಿ.

ಕುಮಟಾ: ಶಿರಸಿಯವರ ಘಾಟಿನ ಜಂಬ ಯಾವಾಗಲೂ ಇದ್ದದ್ದೇ, ಈ ಸಲ ಯಾಕೋ ಬಿಟ್ಟಿದ್ದಾರೆ. ಕುಮಟಾ-ಶಿರಸಿ ನಡುವಿನ ದೇವಿಮನೆ ಘಾಟ್ ಹತ್ತುವವರು ನಾವು, ಅವರು ಇಳಿಯುವವರು.

ಯಲ್ಲಾಪುರ ನಾಕಾ, ಶಿರಸಿ: ಇಳಿದವ ಮನೆಗೆ ಹೋಗೋಕೆ ಹತ್ತಲೇಬೇಕಲ್ಲ ತಮಾ. ಅದೂ ಕಾಲು ಸೋತ ಮೇಲೆ.

ಕುಮಟಾ: ನೀವು ಕುಮಟಾದಲ್ಲಿ ಬಸ್ಸಿನ ಮೇಲೆ ಸೈಕಲ್ ಏರಿಸಿದ್ದನ್ನ ನೋಡಿದವರಿದ್ದಾರೆ.

ಯಲ್ಲಾಪುರ ನಾಕಾ, ಶಿರಸಿ: ಅವತ್ತು ಕಾಮಗಾರಿ ಅಂತ ರಸ್ತೆ ಅಗೆದು ಹಾಕಿದ್ದರು. ಜಲ್ಲಿ ಮೇಲೆ 23 ಎಂಎಂ ಟೈರು ಓಡಿಸಿ ತೋರಿಸು, ಆಮೇಲೆ ಮಾತಾಡು.

ಬೈತಖೋಲ: 23 ಎಂಎಂ ಈಗ ಯಾರು ಹಾಕ್ತಾರೆ? 28 ಹಾಕಿ. ರಸ್ತೆಯ ಮಾತು ಬಂತು ಅಂತ ಹೇಳ್ತೇನೆ, 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಬಿದ್ದ ಮೇಲೆ ಮಾಜಾಳಿ ಕಡೆಗೆ ಸೈಕಲ್ ಒಯ್ಯೋದು ಅಂದರೆ ಲಾರಿ ಕನ್ನಡಿಗೆ ಭುಜ ಕೊಟ್ಟ ಹಾಗೆ. ಬೆಳಗ್ಗೆ ಐದರ ಒಳಗೆ ದಾಟಿಬಿಡಿ. ದಾರಿಯಲ್ಲಿ ಶಕ್ತಿಗೆ ತಿನ್ನೋ ಎನರ್ಜಿ ಜೆಲ್‌ಗೆ ದುಡ್ಡು ಹಾಕಬೇಡಿ, ಉಪ್ಪು ಹಾಕಿದ ಗಂಜಿ ಬಾಟಲಿಯಲ್ಲಿ ತುಂಬಿಕೊಂಡರೆ ಆಯ್ತು.

ಯಲ್ಲಾಪುರ ನಾಕಾ, ಶಿರಸಿ: ಬಿಸಿಲಿಗೆ ಗಂಜಿ ಹುಳಿ ಬರ್ತು. ನಾನು ತೊಡೆದೇವು ಮಡಚಿ ಜೆರ್ಸಿ ಕಿಸೆಗೆ ಹಾಕಿದ್ದೆ.

ಕುಮಟಾ: ಬೆವರಿಗೆ ತೊಡೆದೇವು ಉಳೀತಾ?

ಯಲ್ಲಾಪುರ ನಾಕಾ, ಶಿರಸಿ: ಬೆನ್ನಿಗೆ ಅಂಟಿಕೊಂಡಿತು. ಅದು ಬೇರೆ ವಿಷಯ.

ಕೋಡಿಬಾಗದವ: ಎಲ್ಲರಿಗೂ ವಂದನೆ. ಮೊಣಕಾಲಿನದ್ದು ಯಾರಾದರೂ…

ಯಲ್ಲಾಪುರ ನಾಕಾ, ಶಿರಸಿ: ಘಾಟ್ ಹತ್ತಿ, ತನ್ನಿಂದ ತಾನೇ ಸರಿಯಾಗ್ತು.

ಅಂಕೋಲೆಯವಳು: ಇವರ ಮಾತು ಕೇಳೋದಾದರೆ 6,500 ಈಗಲೇ ತೆಗೆದಿಡಿ. ಮೊದಲು ಸೀಟಿನ ಎತ್ತರ ನೋಡಿಸಿ. ತೀರಾ ತಗ್ಗಿದ್ದರೆ ಮೊಣಕಾಲಿನ ಮುಂದೆ ನೋಯ್ತದೆ, ಹಳೇ ಹೈಬ್ರಿಡ್‌ನಲ್ಲಿ ಎಲ್ಲರೂ ತಗ್ಗೇ ಇಟ್ಟಿರ್ತಾರೆ.

ಕುಮಟಾ: ಶಿರಸಿಯವರೇ, ಆ ಕಾರ್ಬನ್ ಸೈಕಲ್ ಕೊಡೋದಿದ್ದರೆ ಸೈಜ್ ಹೇಳಿ. ಹ್ಯಾಂಗರ್ ಬದಲಿಸಿದ್ದೀರಾ, ಅಥವಾ ಅದೂ ನನ್ನ ತಲೆಗೇನಾ?