ಪಿ0135 ಕೋಡ್ ಪದೇ ಪದೇ ಬರುತ್ತಿದೆ, ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕಾ?

ಘಾಟ್‌ರೋಡ್:
ಎಲ್ಲರಿಗೂ ನಮಸ್ಕಾರ. ಗಾಡಿ 2020ರ ಬಿಎಸ್6, 1.0 ಲೀಟರ್ ಟರ್ಬೊ ಪೆಟ್ರೋಲ್, 3 ಸಿಲಿಂಡರ್, 68 ಸಾವಿರ ಕಿಲೋಮೀಟರ್ ಓಡಿದೆ. ಹೋದ ತಿಂಗಳು ಮಂಗಳೂರಿಂದ ಹಾಸನಕ್ಕೆ ಬರುವಾಗ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದ್ದೆ, ಮತ್ತೆ ಸ್ಟಾರ್ಟ್ ಮಾಡಿದರೆ ಚೆಕ್ ಎಂಜಿನ್ ಲೈಟ್! ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಪಿ0135 ತೋರಿಸುತ್ತದೆ. ಅಳಿಸಿದರೆ ಎರಡು ದಿನ ಸುಮ್ಮನಿರುತ್ತದೆ, ಮೂರನೇ ಬೆಳಗ್ಗೆ ಮತ್ತೆ ಹಾಜರ್. ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರಿಳಿಯುತ್ತದೆ, ಸೈಲೆನ್ಸರ್ ಹತ್ತಿರ ನಿಂತರೆ ಪೆಟ್ರೋಲ್ ವಾಸನೆ. ಮೈಲೇಜ್ 16 ಇದ್ದದ್ದು 13ಕ್ಕೆ ಬಂದಿದೆ. ಪಿಕಪ್ ಮಾತ್ರ ಚೆನ್ನಾಗಿಯೇ ಇದೆ.

ವರ್ಕ್‌ಶಾಪಿನವರು ಎರಡೂ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವವು) ಹಾಕಬೇಕು, ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಡಬ್ಬ) ಕ್ಲೀನ್ ಮಾಡಬೇಕು, 24 ಸಾವಿರ ಆಗುತ್ತದೆ ಅಂದರು. ಪಕ್ಕದ ಮನೆಯವರು ಟರ್ಬೊನೇ ಹೋಗಿದೆ ಅನ್ನುತ್ತಾರೆ. ಯಾರನ್ನು ನಂಬಲಿ?

ಗ್ರೀಸ್‌ಕೈ:
ಇಬ್ಬರನ್ನೂ ನಂಬಬೇಡಿ ಗುರು, ಮಲ್ಟಿಮೀಟರ್ ನಂಬಿ.

ಪಿ0135 ಅಂದರೆ ಬ್ಯಾಂಕ್ 1, ಸೆನ್ಸರ್ 1ರ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಬ್ಯಾಂಕ್ ಅಂದರೆ ಸಿಲಿಂಡರ್‌ಗಳ ಸಾಲು. ನಿಮ್ಮದು ಮೂರು ಸಿಲಿಂಡರ್, ಇರುವುದೇ ಒಂದು ಬ್ಯಾಂಕ್. ಸೆನ್ಸರ್ 1 ಅಂದರೆ ಕ್ಯಾಟಲಿಸ್ಟ್‌ಗಿಂತ ಮುಂಚೆ ಇರುವುದು. ಎರಡನೆಯದರ ಹೀಟರ್ ಕೆಟ್ಟರೆ ಬರುವ ಕೋಡ್ ಪಿ0141. ಅದು ಬಂದಿಲ್ಲ ತಾನೇ? ಮತ್ತೆ ಅದನ್ನೇಕೆ ಬದಲಿಸುತ್ತಾರಂತೆ?

ಸೆನ್ಸರ್ 300 ಡಿಗ್ರಿ ದಾಟುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಗ ಬಿಸಿ ಆಗಲಿ ಅಂತ ಒಳಗೇ ಹೀಟರ್ ಇಟ್ಟಿರುತ್ತಾರೆ. ಟರ್ಬೊ ಗಾಡಿಯಲ್ಲಿ ಇದು ಟರ್ಬೈನ್ ಆದ ಮೇಲೆ ಕೂತಿರುತ್ತದೆ, ತಣ್ಣಗಿರುವಾಗ ಹೊಗೆಯ ಬಿಸಿಯನ್ನು ಆ ಟರ್ಬೈನ್ ಕಬ್ಬಿಣವೇ ಮೊದಲು ಕುಡಿದುಬಿಡುತ್ತದೆ, ಹಾಗಾಗಿ ಹೀಟರ್ ಹೋದರೆ ಇಲ್ಲಿ ಜಾಸ್ತಿ ಗೊತ್ತಾಗುತ್ತದೆ. ಸೆನ್ಸರ್ ಬಿಸಿ ಆಗುವವರೆಗೂ ಇಸಿಯು (ಎಂಜಿನ್ ಕಂಪ್ಯೂಟರ್) ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ. ನಿಮ್ಮ ಬೆಳಗಿನ ವಾಸನೆ ಅದೇ ಇರಬಹುದು.

ಮೊದಲು ಹೀಟರ್ ಫ್ಯೂಸ್ ನೋಡಿ. ಆಮೇಲೆ ಎಂಜಿನ್ ತಣ್ಣಗಿರುವಾಗ ಸೆನ್ಸರ್ ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಎರಡು ಹೀಟರ್ ಪಿನ್ ನಡುವೆ ಓಮ್ ಅಳೆಯಿರಿ. ಪಿನ್ ಯಾವುವು ಅಂತ ವೈರಿಂಗ್ ಡಯಾಗ್ರಾಮ್ ನೋಡಿಯೇ ಹಿಡಿಯಿರಿ. ಬೆರಳೆಣಿಕೆಯ ಓಮ್ ಬಂದರೆ ಹೀಟರ್ ಜೀವಂತ, ಓಪನ್ (ಸರ್ಕ್ಯೂಟ್ ಕಡಿದಿದೆ ಅಂತ) ತೋರಿಸಿದರೆ ಅದರ ಕಥೆ ಮುಗಿದ ಹಾಗೆ. ಗಾಡಿ ಕಡೆಯ ಕನೆಕ್ಟರಿನಲ್ಲಿ ಎಂಜಿನ್ ಚಾಲೂ ಇದ್ದಾಗ 12 ವೋಲ್ಟ್ ಬರುತ್ತಿದೆಯೇ ಅಂತಲೂ ನೋಡಿ. ಬರದಿದ್ದರೆ ತಪ್ಪು ಸೆನ್ಸರಿನದ್ದಲ್ಲ, ವೈರಿನದ್ದು.

ಇನ್ನೊಂದು, ವಿಡಿಯೊಗಳಲ್ಲಿ 0.1ರಿಂದ 0.9 ವೋಲ್ಟ್ ಓಡಾಡಬೇಕು ಅಂತ ತೋರಿಸುತ್ತಾರಲ್ಲ, ಅದು ಹಳೆಯ ನ್ಯಾರೋಬ್ಯಾಂಡ್ ಸೆನ್ಸರಿನ ಲೆಕ್ಕ, ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಅಂತ ಮಾತ್ರ ಹೇಳುವಂಥದ್ದು. ಈಗಿನ ಟರ್ಬೊ ಪೆಟ್ರೋಲ್‌ಗಳಲ್ಲಿ ಮುಂದಿನ ಸೆನ್ಸರ್ ಹೆಚ್ಚಾಗಿ ಎಷ್ಟು ಅಂತಲೂ ಹೇಳುವ ವೈಡ್‌ಬ್ಯಾಂಡ್, ಐದು ವೈರ್ ಇರುತ್ತದೆ. ಅದರಲ್ಲಿ ಆ ಓಡಾಟ ಹುಡುಕಬೇಡಿ, ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ, 1 ಅಂದರೆ ಸರಿಯಾದ ಅಳತೆ) 1ರ ಆಸುಪಾಸು ಇದೆಯೇ ನೋಡಿ.

ಪುತ್ತೂರಿನವ:
ಗ್ರೀಸ್‌ಕೈ ಹೇಳಿದ್ದು ಸರಿ. ಆದರೆ ಕೋಡ್ ಪಿ0171 ಆಗಿದ್ದರೆ ಬೇರೆ ಕಥೆ ಮಾರಾಯ್ರೆ. ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಅಂತ ಬಂದ ಕೂಡಲೇ ನಾನು ಸೆನ್ಸರ್ ಬದಲಿಸಿದೆ, ಒಂದಲ್ಲ ಎರಡು ಸಲ. ಕೊನೆಗೆ ಸಿಕ್ಕಿದ್ದು ಟರ್ಬೊ ಮತ್ತು ಡೌನ್‌ಪೈಪ್ (ಅಲ್ಲಿಂದ ಹೊಗೆ ಒಯ್ಯುವ ಪೈಪ್) ನಡುವಿನ ಗ್ಯಾಸ್ಕೆಟ್ ಲೀಕ್. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಸೆನ್ಸರ್ ಪಾಪ ಇದ್ದದ್ದನ್ನೇ ಹೇಳುತ್ತದೆ, ಇಸಿಯು ಮತ್ತಷ್ಟು ಪೆಟ್ರೋಲ್ ಸುರಿಯುತ್ತದೆ. ಗ್ಯಾಸ್ಕೆಟ್ ಬೆಲೆ ಕೇಳಿದರೆ ನಗು ಬರುತ್ತದೆ, ಸೆನ್ಸರಿಗೆ ಕೊಟ್ಟದ್ದು ನೆನೆದರೆ ಅಳು.

ಒಮ್ಮೆ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ. ಲಾಂಗ್ ಟರ್ಮ್ 10ರ ಒಳಗೆ ಇದ್ದರೆ ಚಿಂತೆ ಇಲ್ಲ. ಐಡ್ಲಿಂಗಿನಲ್ಲಿ ಪ್ಲಸ್ 20 ಇದ್ದು 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಇಂಟೇಕ್ ಕಡೆ ಗಾಳಿ ಎಳೆಯುತ್ತಿದೆ ಅಂತ ಅರ್ಥ.

ಕಪ್ಪುಹೊಗೆ:
ಯೂನಿವರ್ಸಲ್ ಸೆನ್ಸರ್ ಅಗ್ಗ ಅಂತ ತಂದು ವೈರ್ ಕತ್ತರಿಸಿ ಬೆಸುಗೆ ಹಾಕಲು ಹೋಗಬೇಡಿ. ಎಷ್ಟೋ ಸೆನ್ಸರ್ ಹೋಲಿಸಿ ನೋಡುವುದಕ್ಕೆ ಬೇಕಾದ ಹೊರಗಾಳಿಯನ್ನು ವೈರಿನೊಳಗಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಹಾಕಿದರೆ ಅದರ ಮೂಗು ಮುಚ್ಚಿದ ಹಾಗೆ. ಪಾರ್ಟ್ ನಂಬರ್ ನೋಡಿ, ಅದೇ ಕನೆಕ್ಟರ್ ಇರುವುದನ್ನೇ ತನ್ನಿ. ಬೆಂಗಳೂರಿಗೆ ಬಂದರೆ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಬಿಲ್ ಇಲ್ಲದೆ ಮಾತ್ರ ತಗೋಬೇಡಿ.

ಘಾಟ್‌ರೋಡ್:
ತಡವಾಯಿತು, ಕ್ಷಮಿಸಿ. ಫ್ಯೂಸ್ ಸರಿ ಇತ್ತು. ಗಾಡಿ ಕಡೆ 12 ವೋಲ್ಟ್ ಬರುತ್ತಿತ್ತು. ಸೆನ್ಸರ್ ಹೀಟರ್ ಅಳೆದರೆ ಓಪನ್! ಟ್ರಿಮ್ ಪ್ಲಸ್ 4, ಅಂದರೆ ಲೀಕ್ ಇಲ್ಲ. ಹಾಗಾಗಿ ಮುಂದಿನದೊಂದನ್ನೇ ತರಿಸಿದೆ, ಅದೇ ಪಾರ್ಟ್ ನಂಬರ್.

ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಟರ್ಬೊ ಮೇಲಿನ ಹೀಟ್ ಶೀಲ್ಡ್ ತೆಗೆಯದೆ ಕೈಯೇ ಹೋಗುವುದಿಲ್ಲ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿದ್ದೆ, ಆದರೂ ಜಪ್ಪಯ್ಯ ಅನ್ನಲಿಲ್ಲ. ಐದು ನಿಮಿಷ ಎಂಜಿನ್ ಓಡಿಸಿ, ಬೆಚ್ಚಗಿರುವಾಗ ವೈರ್ ಹೋಗಲು ಸೀಳು ಇರುವ 22ರ ಸಾಕೆಟ್ ಹಾಕಿ ಎಳೆದಾಗ ಟಕ್ ಅಂತ ಬಿಟ್ಟಿತು. ಮೊಣಕೈಗೆ ಸಣ್ಣದಾಗಿ ಸುಟ್ಟಿತು, ದಪ್ಪ ಗ್ಲೌಸ್ ಹಾಕಿಕೊಳ್ಳಿ, ಉದ್ದ ತೋಳಿನ ಅಂಗಿಯೂ ಇರಲಿ. ಹೊಸದರ ಥ್ರೆಡ್‌ಗೆ ಕಂಪನಿಯೇ ಆ್ಯಂಟಿ ಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ) ಹಚ್ಚಿತ್ತು, ನಾನು ಮತ್ತೆ ಹಚ್ಚಲಿಲ್ಲ, ತುದಿ ಮುಟ್ಟಲೂ ಇಲ್ಲ. ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ 45 ನ್ಯೂಟನ್ ಮೀಟರ್.

ಹತ್ತು ದಿನವಾಯಿತು, ಲೈಟ್ ಬಂದಿಲ್ಲ, ಬೆಳಗಿನ ವಾಸನೆ ಹೋಯಿತು, ಮೈಲೇಜ್ 15ರ ಹತ್ತಿರ ಇದೆ. ಒಂದೇ ಅನುಮಾನ, ಸ್ಕ್ಯಾನರಿನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಇಸಿಯು ತಾನೇ ಮಾಡುವ ಪರೀಕ್ಷೆ) ಇನ್ನೂ ಮುಗಿದಿಲ್ಲ ಅಂತ ಇದೆ. ಪರವಾಗಿಲ್ವಾ?

ಗ್ರೀಸ್‌ಕೈ:
ಕೋಡ್ ಅಳಿಸಿದರೆ ಆ ಪರೀಕ್ಷೆಗಳೆಲ್ಲ ಮೊದಲಿಂದ ಶುರು. ಊರೊಳಗೇ ಓಡಿಸುತ್ತಿದ್ದರೆ ಮುಗಿಯುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೈವೇಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಬಿಡಿ. ಚನ್ನರಾಯಪಟ್ಟಣದ ಕಡೆ ಹೋಗಿ, ಘಾಟಿ ಕಡೆ ಬೇಡ.