ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಯಾರ ಕೈಗೆ?

ಪ್ರಶ್ನೆ: ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಅಂತ ಸಂವಿಧಾನದಲ್ಲಿ ಪಟ್ಟಿಗಳಿವೆ. ಸೇನೆ, ವಿದೇಶಾಂಗ ಕೇಂದ್ರಕ್ಕೆ, ಪೊಲೀಸ್ ರಾಜ್ಯಕ್ಕೆ, ಇಷ್ಟು ಗೊತ್ತು. ಆದರೆ ಸಂವಿಧಾನ ಬರೆದವರು ಊಹಿಸಿಯೂ ಇರದ ವಿಷಯ ಬಂದರೆ ಅದಕ್ಕೆ ಕಾನೂನು ಮಾಡುವವರು ಯಾರು?

ಉತ್ತರ 1: ದೇಶಕ್ಕೊಂದು ಥರ. ಅಮೆರಿಕದಲ್ಲಿ 1791ರ ಹತ್ತನೇ ತಿದ್ದುಪಡಿ ಪ್ರಕಾರ, ಕೇಂದ್ರಕ್ಕೆ ಕೊಡದ ಮತ್ತು ರಾಜ್ಯಗಳಿಗೆ ನಿಷೇಧಿಸದ ಅಧಿಕಾರವೆಲ್ಲ ರಾಜ್ಯಗಳದ್ದು ಅಥವಾ ಜನರದ್ದು. ಭಾರತದಲ್ಲಿ ಉಲ್ಟಾ. 248ನೇ ವಿಧಿ, ಜೊತೆಗೆ ಕೇಂದ್ರ ಪಟ್ಟಿಯ 97ನೇ ನಮೂದು, ಎರಡೂ ಉಳಿದದ್ದನ್ನು ಸಂಸತ್ತಿಗೇ ಕೊಡುತ್ತವೆ. ಕೆನಡಾದಲ್ಲೂ ಹೆಚ್ಚುಕಮ್ಮಿ ಹೀಗೇ.

ಉತ್ತರ 2: ಅದೆಲ್ಲ ಕಾಗದದ ಮೇಲೆ ಅಷ್ಟೇ ಸ್ವಾಮಿ. ಅಮೆರಿಕದ ಸಂವಿಧಾನದಲ್ಲಿ ರಾಜ್ಯಗಳ ನಡುವಿನ ವ್ಯಾಪಾರ ಕೇಂದ್ರದ್ದು ಅಂತ ಒಂದು ಸಾಲು ಇದೆ, ಅದನ್ನೇ ಹಿಡಿದು ಕೋರ್ಟುಗಳು 1937ರ ನಂತರ ಕೂಲಿ, ಕೃಷಿ ಅಂತ ಎಷ್ಟೋ ವಿಷಯಗಳಲ್ಲಿ ಕೇಂದ್ರದ ಕಾನೂನನ್ನು ಎತ್ತಿ ಹಿಡಿದವು. ಪಟ್ಟಿಗಿಂತ ಅದನ್ನು ಓದುವವರೇ ಮುಖ್ಯ, ಅಲ್ವಾ?

ಪ್ರಶ್ನೆ ಕೇಳಿದವರು: ಸರಿ. ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದ ಕಡೆ ಜಗಳ ಬಂದರೆ?

ಉತ್ತರ 3: ಭಾರತದಲ್ಲಿ ಅದು ಸಮವರ್ತಿ ಪಟ್ಟಿ. ಶಿಕ್ಷಣ, ಅರಣ್ಯ ಎರಡೂ ಮೊದಲು ರಾಜ್ಯದ ಬಳಿ ಇದ್ದವು, 1976ರ 42ನೇ ತಿದ್ದುಪಡಿಯಲ್ಲಿ ಇಲ್ಲಿಗೆ ಬಂದವು. ಡಿಕ್ಕಿ ಆದರೆ ಸಾಮಾನ್ಯವಾಗಿ ಕೇಂದ್ರದ ಕಾನೂನೇ ಗೆಲ್ಲುತ್ತದೆ. ರಾಷ್ಟ್ರಪತಿ ಒಪ್ಪಿಗೆ ಸಿಕ್ಕರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನು ನಡೆಯುತ್ತದೆ, ಆದರೆ ಸಂಸತ್ತು ಆಮೇಲೆ ಹೊಸ ಕಾನೂನು ತಂದು ಅದನ್ನೂ ರದ್ದು ಮಾಡಬಹುದು. 254ನೇ ವಿಧಿ ಓದಿ, ಚಿಕ್ಕದೇ ಇದೆ.